ಹನ್ನೆರಡನೆಯ ಕಾಲಂ

"ಏ ಹಾಟ್ಯಾನ ಮಗನ, ಚಂದ್ಯಾ! ನನ್ನ ಮಗನ ಅಂಗೈ ನೋಡ್ಲೇ ಇಲ್ಲಿ. ಗುಳ್ಳಿ ಎದ್ದಾವ. ಎತ್ತಿಗಿ ಕಲಸ್ದಂಗ ಕಲಸಾಕತ್ತೀದೇನ್ಲೇ ಅವಂಗ?"

ಗೌಡ ಹಣಮಂತರಾಯ ಬದುವಿನ ಮೇಲೆ ಛತ್ರಿ ಹಿಡಿದು ನಿಂತು ಬೈಯುತ್ತಿದ್ದ. ಅಪ್ಪ ಎತ್ತುಗಳ ಹಗ್ಗ ಹಿಡಿದು ತಲೆ ತಗ್ಗಿಸಿದ್ದ. ಗೌಡನ ಮಗ ಮಲ್ಲಣ್ಣ ಬಿತ್ತುವ ಕೂರಿಗೆಯ ಹಿಡಿಕೆ ಬಿಟ್ಟು, ಎರಡೂ ಅಂಗೈಗಳನ್ನು ಉಫ್ ಉಫ್ ಎಂದು ಊದಿಕೊಳ್ಳುತ್ತಿದ್ದ.

"ತಪ್ಪಾತ್ರಿ ಧಣ್ಯಾರ," ಅಂದ ಅಪ್ಪ. "ಮೇಳಿ ಗಟ್ಟಿ ಹಿಡೀಬೇಕ್ರಿ. ಸಡ್ಲ ಬಿಟ್ರ ಸಾಲು ಸೊಟ್ಟ ಆಗ್ತದ್ರಿ."

"ಆಗ್ಲೋ ಬಾಡ್ಯಾ! ಅವ ಏನು ನಿನ್ನಂಗ ಜಲ್ಮಪೂರ್ತಿ ಕೂರಿಗಿ ಹೊಡಿತಾನೇನು? ಪರೀಕ್ಷಾದಾಗ ಹತ್ತು ಮಾರು ಹೊಡದು ತೋರ್ಸಿದ್ರ ಮುಗೀತು."

ನಾನು ಬುತ್ತಿಯ ಗಂಟು ಹಿಡಿದು ಜಾಲಿ ಗಿಡದ ಕೆಳಗೆ ನಿಂತಿದ್ದೆ. ಬುತ್ತಿಯ ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಅರ್ಜಿ ಇತ್ತು. ಗೌಡನ ಮಗ ಯಾವ ಪರೀಕ್ಷೆಗಾಗಿ ಅಂಗೈ ಸುಟ್ಟುಕೊಳ್ಳುತ್ತಿದ್ದನೋ ಅದೇ ಪರೀಕ್ಷೆಯ ಅರ್ಜಿ.

ಎಂಬತ್ತಾರನೆಯ ಇಸವಿ, ಜೂನ್ ತಿಂಗಳು. ನಾನು ಮರೆಮ್ಮ, ಚಂದಪ್ಪ ಮತ್ತು ನಿಂಬೆವ್ವನ ಒಬ್ಬಳೇ ಮಗಳು. ಮಣ್ಣೂರಿನಿಂದ ಎರಡು ಹರದಾರಿ ಆಚೆ, ಭೀಮಾ ನದಿಯ ದಂಡೆಯ ಊರು ನಮ್ಮದು. ನಾವು ಕಬ್ಬಲಿಗರು. ಅಜ್ಜನ ಕಾಲದಲ್ಲಿ ಹರಿಗೋಲು ಹಾಕಿ ಜನರನ್ನು ಹೊಳೆ ದಾಟಿಸುತ್ತಿದ್ದೆವು. ಹರಿಗೋಲು ಹೋದ ಮೇಲೆ ಗೌಡನ ಎಂಟು ಎಕರೆ ಹೊಲವನ್ನು ಪಾಲಿಗೆ ಹಿಡಿದೆವು. ಬೆಳೆದದ್ದರಲ್ಲಿ ಅರ್ಧ ಗೌಡನಿಗೆ, ಅರ್ಧ ನಮಗೆ. ಹರಿಗೋಲ ಹೊಲ ಅಂತಲೇ ಅದರ ಹೆಸರು. ಅಪ್ಪ ಅದನ್ನು ಬಿತ್ತಲು ಶುರುಮಾಡಿ ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು. ನಾನು ಹುಟ್ಟಿದ್ದೂ ಆ ಹೊಲದಲ್ಲೇ, ಜೋಳ ಕೊಯ್ಯುವಾಗ.

ಕಲಬುರ್ಗಿಯ ಸರಕಾರಿ ಹಾಸ್ಟೆಲ್ಲಿನಲ್ಲಿ ನೀರುಸಾರು ಉಂಡು ಪಿಯುಸಿ ಓದಿದೆ. ಸೈನ್ಸು. ನೂರಕ್ಕೆ ಅರವತ್ನಾಲ್ಕು ಬಂತು. ನಮ್ಮೂರಲ್ಲಿ ಪಿಯುಸಿ ದಾಟಿದ ಮೊದಲ ಹೆಣ್ಣು ನಾನು. ಒಕ್ಕಲುತನದ ಕಾಲೇಜಿಗೆ ಹಿಂದುಳಿದವರ ಪಟ್ಟಿ ಹಿಂದಿನ ವರ್ಷ ಎಪ್ಪತ್ತೊಂದು ಅಂಕಕ್ಕೇ ಮುಗಿದಿತ್ತಂತೆ, ಆ ಬಾಗಿಲು ನನಗೆ ಮುಚ್ಚಿತ್ತು. ಆಗ ನಮ್ಮ ಸಸ್ಯಶಾಸ್ತ್ರದ ಮಾಸ್ತರು ಇನ್ನೊಂದು ಬಾಗಿಲು ತೋರಿಸಿದರು. ಅದೇ ಕಾಲೇಜಿನಲ್ಲಿ ಒಕ್ಕಲುಮಕ್ಕಳಿಗೆ ಅಂತ ಬೇರೆ ಸೀಟು ಇವೆ, ಅಂಕ ಕಡಿಮೆ ಇದ್ದರೂ ನಡೆಯುತ್ತದೆ, ಆದರೆ ಕೈಕೆಲಸದ ಪರೀಕ್ಷೆ ಕೊಡಬೇಕು. ಬೀಜ ಗುರುತಿಸಬೇಕು, ಕಳೆ ಗುರುತಿಸಬೇಕು, ಕೂರಿಗೆ ಹೊಡೆಯಬೇಕು, ಎತ್ತು ಕಟ್ಟಬೇಕು. "ನಿನಗಲ್ಲದ ಮತ್ಯಾರಿಗಿ ಸಿಗ್ತದ ಮರೆಮ್ಮ ಅದು?" ಅಂದಿದ್ದರು ಮಾಸ್ತರು. ನಾನು ಆ ದಿನ ಹಾಸ್ಟೆಲ್ಲಿಗೆ ಓಡಿಕೊಂಡು ಹೋಗಿದ್ದೆ.

ನನಗೆ ಆ ಕಾಲೇಜು ಬೇಕಾಗಿದ್ದಕ್ಕೆ ಕಾರಣ ದೊಡ್ಡದೇನಲ್ಲ. ಪ್ರತಿ ವರ್ಷ ಹೂವಿಗೆ ಬಂದ ತೊಗರಿ ನಿಂತಲ್ಲೇ ಒಣಗುತ್ತಿತ್ತು. ಅಪ್ಪ ಒಣಗಿದ ಗಿಡ ಕಿತ್ತು, ಬೇರು ಸೀಳಿ, ಮೂಸಿ ನೋಡಿ, "ಯಾಕೋ ಏನೋ, ತಾಯಿ" ಅಂತ ಬದುವಿನ ಮೇಲೆ ಇಡುತ್ತಿದ್ದ. ಬಿಸಾಕುತ್ತಿರಲಿಲ್ಲ, ಇಡುತ್ತಿದ್ದ. ಯಾಕೆ ಅಂತ ನನಗೆ ತಿಳಿಯಬೇಕಿತ್ತು. ಅಷ್ಟೇ.

ಗೌಡ ನನ್ನ ಕೈಯಲ್ಲಿದ್ದ ಚೀಲ ಕಂಡ. "ಏನಬೇ ಅದು?"

"ಅರ್ಜಿ ಅದ್ರಿ. ಒಕ್ಕಲುತನದ ಕಾಲೇಜಿಂದು."

ಗೌಡನಿಗೆ ನಗು ತಡೆಯಲಾಗಲಿಲ್ಲ. "ಕೇಳ್ದೇನೋ ಮಲ್ಲಣ್ಣಾ? ಇಕಿನೂ ಬರ್ತಾಳಂತ ನಿನ ಸಂಗಾಟ. ಅಲ್ಲಬೇ, ಒಕ್ಕಲುತನ ಕಲ್ಯಾಕ ನಿನಗ ಕಾಲೇಜ ಯಾಕ ಬೇಕು? ನಿಮ್ಮವ್ವ ಯಾವ ಕಾಲೇಜಿಗಿ ಹೋಗಿದ್ಳು? ಸಗಣಿ ಬಳಿಯಾಕೂ ಡಿಗ್ರಿ ಬೇಕೇನು?"

ಮಲ್ಲಣ್ಣ ನಗಲಿಲ್ಲ. ಅವನು ಕೆಟ್ಟವನಲ್ಲ, ಸೋಮಾರಿ ಅಷ್ಟೆ. ನಲವತ್ತೆರಡು ತೆಗೆದು, ಅದೂ ಎರಡನೆಯ ಸಲ ಕೂತು ಪಾಸಾಗಿದ್ದ. "ಇಕೀಗಿ ಬೀಜ ಎಲ್ಲಾ ಗೊತ್ತಾವಪ್ಪ," ಅಂದ. "ಚಂದಪ್ಪ ಕೂರಿಗಿ ಕಲಸ್ಲಿ, ಮರೆಮ್ಮ ಬೀಜ ಕಲಸ್ಲಿ."

"ಆತು. ನಾಳಿಂದ ಮನಿಗಿ ಬಾ. ಹಿತ್ತಲ ಬಾಗಲಿಲೆ ಬಾ," ಅಂದ ಗೌಡ. ಕೋಳಿಯನ್ನು ಕೇಳಿ ಯಾರು ಮಸಾಲೆ ಅರೆಯುತ್ತಾರೆ?

*

ಪರೀಕ್ಷೆಗೆ ಕೂರಬೇಕಾದರೆ ಒಂದು ಪ್ರಮಾಣಪತ್ರ ಬೇಕಿತ್ತು. ಅಪ್ಪ ಒಕ್ಕಲಿಗ ಅಂತ, ಅಂದರೆ ಭೂಮಿ ಉಳುವವನು ಅಂತ, ತಾಲೂಕಿನ ಸಾಹೇಬರ ಸಹಿ. ಸಾಹೇಬರ ಸಹಿಗೆ ಮೊದಲು ಪಹಣಿ. ಪಹಣಿಗೆ ಊರ ಲೆಕ್ಕ ಬರೆಯುವ ತಲಾಟಿ. ನಮ್ಮೂರ ತಲಾಟಿ ಅಣ್ಣಾರಾಯ ವಾರಕ್ಕೆ ಒಂದು ದಿನ ಬಂದು ಗೌಡನ ಕಟ್ಟೆಯ ಮೇಲೇ ದಫ್ತರ ಬಿಚ್ಚುತ್ತಿದ್ದ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ಅವನಿಗಾಗಿಯೇ ಹುಟ್ಟಿದ್ದು.

ಅಪ್ಪ ಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕುಂತ. ನಾನು ನಿಂತಿದ್ದೆ. ಅಣ್ಣಾರಾಯ ಎಲೆಅಡಿಕೆ ಒಂದು ಕಡೆ ದವಡೆಗೆ ಒತ್ತಿ, ಪಹಣಿ ತಿರುವಿದ.

"ಹರಿಗೋಲ ಹೊಲ, ಎಂಟು ಎಕರೆ. ಮಾಲಕ, ಹಣಮಂತರಾಯ. ಬರೋಬ್ಬರಿ. ಹನ್ನೆರಡನೇ ಕಾಲಂ, ಸಾಗುವಳಿ ಮಾಡ್ದಾಂವ..." ಬೆರಳು ಇಟ್ಟು ತೋರಿಸಿದ. "ಖುದ್ದು."

"ಖುದ್ದು ಅಂದ್ರ?" ಅಪ್ಪ ಕೇಳಿದ.

"ಗೌಡ್ರೇ ಬಿತ್ತ್ಯಾರ ಅಂತೋ ಹುಚ್ಚಾ. ಹ್ವಾದ ವರ್ಷನೂ ಖುದ್ದು. ಅದರ ಹಿಂದಿನ ವರ್ಷನೂ ಖುದ್ದು. ನೋಡು, ಇಲ್ಲಿ ತನಾ ಖುದ್ದು, ಖುದ್ದು, ಖುದ್ದು." ಹಾಳೆ ಹಾಳೆ ತಿರುವಿ ತೋರಿಸಿದ. "ನಿನ್ನ ಹೆಸರ ಎಲ್ಲದ? ನೀ ಒಕ್ಕಲಿಗ ಅಲ್ಲ ಚಂದ್ಯಾ. ಕಾಗದದಾಗ ನೀ ಇಲ್ಲೇ ಇಲ್ಲ."

ನಾನು ಅಪ್ಪನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಆ ಖುದ್ದು ಅಲ್ಲಿ ಯಾಕೆ ಕುಂತಿದೆ ಅಂತ.

ಎಪ್ಪತ್ತೊಂಬತ್ತರಲ್ಲಿ ನನಗೆ ಹನ್ನೊಂದು ವರ್ಷ. ಉಳುವವನೇ ಒಡೆಯ ಅನ್ನುವ ಕಾನೂನು ಬಂದು, ಪಾಲಿಗೆ ಮಾಡುವವರೆಲ್ಲ ಏಳನೇ ನಂಬರಿನ ಫಾರ್ಮು ತುಂಬಲು ಅದೇ ಕೊನೆಯ ತಿಂಗಳು. ಅವ್ವ ಫಾರ್ಮು ತರಿಸಿ ಇಟ್ಟಿದ್ದಳು. ಆ ವಾರ ಗೌಡ ಅಪ್ಪನನ್ನು ಎಲ್ಲವ್ವನ ಗುಡಿಗೆ ಕರೆಸಿದ. ಅಪ್ಪನ ಬಲಗೈಯಲ್ಲಿ ಭಂಡಾರ, ದೇವಿಯ ಅರಿಶಿನ, ಇಟ್ಟ. ಅದರ ಮೇಲೆ ಸುಳ್ಳಾಡಿದರೆ ವಂಶ ನಿಲ್ಲುವುದಿಲ್ಲ ಅಂತ ನಮ್ಮವರ ನಂಬಿಕೆ. "ಚಂದಪ್ಪಾ," ಅಂದ ಗೌಡ, ಅವತ್ತು ಚಂದ್ಯಾ ಅನ್ನಲಿಲ್ಲ. "ಸರಕಾರದ ಮಾತು ಕೇಳಿ ನನ ಹೊಟ್ಟಿ ಮ್ಯಾಲ ಹೊಡೀತಿಯೋ, ಇಲ್ಲಾ ನನ ತಮ್ಮನಂಗ ಇರ್ತಿಯೋ? ನಿನ ಮಕ್ಕಳು ನನ ಮಕ್ಕಳು ಒಂದೇ. ಈ ಹೊಲದಿಂದ ನಿನ್ನ ಯಾರೂ ಎಬ್ಬಿಸಂಗಿಲ್ಲ. ಹೇಳು, ಎಲ್ಲರ ಮುಂದ."

ಊರ ಮಂದಿಯ ಮುಂದೆ ಅಪ್ಪ ಹೇಳಿದ. "ಎಲ್ಲವ್ವನ ಆಣಿ. ಹರಿಗೋಲ ಹೊಲ ನಾ ಬಿತ್ತಿಲ್ಲ. ಅದು ಗೌಡ್ರು ಬಿತ್ತಿದ ಹೊಲ."

ಸುಳ್ಳೇ ಹೇಳಿದ್ದ, ಭಂಡಾರದ ಮೇಲೆ. ಮನೆಗೆ ಬಂದು ಮೂರು ದಿನ ಉಣ್ಣಲಿಲ್ಲ. ಒಮ್ಮೆ ಆಡಿದ ಮೇಲೆ ಆ ಮಾತಿಗೇ ಕಟ್ಟುಬಿದ್ದ. ಫಾರ್ಮನ್ನು ಅವ್ವ ಒಲೆಗೆ ಹಾಕಿದಳು. "ಭಂಡಾರ ನಿಮಗಷ್ಟೇ ಹತ್ತತದ, ಗೌಡಗ ಹತ್ತಂಗಿಲ್ಲೇನು?" ಅಂತ ಅವತ್ತು ಅವಳು ಕೇಳಿದಳು.

*

ತಾಲೂಕಿನ ಕಚೇರಿಯಲ್ಲಿ ಸಾಹೇಬನ ಮುಂದೆ ನಿಲ್ಲಲು ಮಧ್ಯಾಹ್ನ ಮೂರಾಯಿತು. ಅಪ್ಪ ಚಪ್ಪಲಿಯನ್ನು ಮೆಟ್ಟಿಲ ಹತ್ತಿರವೇ ಬಿಟ್ಟಿದ್ದ. ಸಾಹೇಬ ನನ್ನ ಅಂಕಪಟ್ಟಿ ನೋಡಿ, "ಪರವಾಗಿಲ್ಲವೇ" ಅಂದು ತಲೆದೂಗಿದ. ನನಗೆ ಆಸೆ ಹುಟ್ಟಿತು. ಆಮೇಲೆ ಪಹಣಿ ನೋಡಿದ.

"ಭೂಮಿ ಇಲ್ಲ. ಗೇಣಿದಾರ ಅಂತಲೂ ಇಲ್ಲ. ಹೇಗೆ ಕೊಡಲಿ?"

"ನಾನೇ ಬಿತ್ತೇನ್ರಿ ಸಾಹೇಬ್ರ," ಅಂದ ಅಪ್ಪ. "ಇಪ್ಪತ್ತೆರಡು ವರ್ಷ ಆತ್ರಿ. ಊರಾಗ ಯಾರನ್ನರ ಕೇಳ್ರಿ. ಬೇಕಾದ್ರ ನನ ಕೈ ನೋಡ್ರಿ." ಎರಡೂ ಅಂಗೈಗಳನ್ನು ಬಿಚ್ಚಿ ಮೇಜಿನ ಮೇಲೆ ಚಾಚಿದ.

ಅಪ್ಪನ ಅಂಗೈ ನೋಡಿದವರಿಗೆ ಗೊತ್ತು. ಅಲ್ಲಿ ಚರ್ಮ ಇಲ್ಲ, ಒಣಗಿದ ತೊಗಲಿದೆ. ಮೇಳಿ ಹಿಡಿದು ಹಿಡಿದು ಬೆರಳು ಪೂರ್ತಿ ನೆಟ್ಟಗಾಗುವುದಿಲ್ಲ.

ಸಾಹೇಬ ಪೆನ್ನಿನಿಂದ ಅಪ್ಪನ ಕೈಯನ್ನು ಕಾಗದದ ಮೇಲಿಂದ ಸರಿಸಿದ. "ಕೈಗೆ ಸಿಕ್ಕಾ ಹೊಡೆಯೋಕೆ ಬರೋದಿಲ್ಲಪ್ಪ. ಕಾಗದ ತಾ."

ಪಕ್ಕದ ಮೇಜಿನವರು ನಕ್ಕರು. ಸಾಹೇಬನಿಗೂ ತನ್ನ ಮಾತು ಹಿಡಿಸಿತು ಅಂತ ಕಾಣುತ್ತದೆ, ಸ್ವಲ್ಪ ಮೆತ್ತಗಾದ. "ಕೂಲಿಕಾರ ಅಂತ ಬೇಕಾದರೆ ಈಗಲೇ ಬರೆದುಕೊಡ್ತೀನಿ."

"ಕೂಲಿಯವರ ಮಕ್ಕಳಿಗೆ ಆ ಕಾಲೇಜಿನಲ್ಲಿ ಸೀಟು ಇಲ್ಲ ಸರ್," ಅಂದೆ.

"ಅದಕ್ಕೆ ನಾನೇನು ಮಾಡಲಮ್ಮ? ಒಂದು ಕೆಲಸ ಮಾಡಿ. ಈ ಹೊಲವನ್ನು ಇವನೇ ಪಾಲಿಗೆ ಮಾಡ್ತಾನೆ ಅಂತ ಮಾಲೀಕರಿಂದ ನಾಲ್ಕು ಸಾಲು ಬರೆಸಿಕೊಂಡು ಬನ್ನಿ. ಸಹಿ ಹಾಕ್ತೀನಿ."

ಬಸ್ಸಿನಲ್ಲಿ ಅಪ್ಪ ತನ್ನ ಅಂಗೈ ತಾನೇ ನೋಡಿಕೊಳ್ಳುತ್ತ ಕುಂತಿದ್ದ. ಅವನಿಗೆ ನಾಚಿಕೆಯಾಗಿತ್ತು. ನನಗೆ ಅಳು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಆ ಪೆನ್ನು ಕಿತ್ತು ಕಿಟಕಿಯಾಚೆ ಒಗೆಯಬೇಕಿತ್ತು ಅನ್ನಿಸಿತ್ತು.

*

ನಾಲ್ಕು ಸಾಲು! ಅದಕ್ಕಾಗಿ ಅವ್ವ ಗೌಡನ ಪಡಸಾಲೆಯ ಮುಂದೆ ಸೆರಗೊಡ್ಡಿ ನಿಂತಳು. ಯಾರ ಮುಂದೆಯೂ ದನಿ ತಗ್ಗಿಸದ ಹೆಂಗಸು ಅವಳು. ಊರಲ್ಲಿ ಬಿತ್ತನೆಗೆ ಅವಳದೇ ಕೈ ಬೇಕು ಅನ್ನುತ್ತಿದ್ದರು. ಕೂರಿಗೆಯ ಹಿಂದೆ ನಡೆಯುತ್ತ, ಉಡಿಯಿಂದ ಹಿಡಿ ತುಂಬಿ, ಬಟ್ಟಲಿಗೆ ಕಾಳು ಬಿಡುವುದು ಸುಮ್ಮನೆ ಮಾತಲ್ಲ. ಅವ್ವ ಬಿತ್ತಿದ ಸಾಲಿನಲ್ಲಿ ಒಂದು ಕಡೆ ದಟ್ಟ ಇಲ್ಲ, ಒಂದು ಕಡೆ ಬೋಳಿಲ್ಲ.

"ನಾಕು ಸಾಲು ಬರದು ಕೊಡ್ರಿ ಗೌಡ್ರ. ಹುಡುಗಿ ಜಲ್ಮ ಉದ್ಧಾರ ಆಗ್ತದ. ನಮಗ ಭೂಮಿ ಬ್ಯಾಡ್ರಿ, ಆಕೀಗಿ ಸಾಲಿ ಸಾಕು."

ಗೌಡ ಇಲ್ಲ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. "ಮಲ್ಲಣ್ಣಂದು ಒಂದು ಹಾದಿಗಿ ಹತ್ತಲಿ. ಆಮ್ಯಾಲ ನೋಡಮು." ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ಆ ದೀಪದ ಬೆಳಕು ನಂಬಿ ಹತ್ತು ದಿನ ಹಿತ್ತಲ ಬಾಗಿಲಿನಿಂದ ಹೋದೆ. ಅಪ್ಪ ಬೆಳಿಗ್ಗೆ ಅವನಿಗೆ ಕೂರಿಗೆ ಹಿಡಿಸುತ್ತಿದ್ದ, ನಾನು ಮಧ್ಯಾಹ್ನ ಮೊರದ ತುಂಬ ಬೀಜ ಹರಡಿ ಕೂರುತ್ತಿದ್ದೆ. ತೊಗರಿ, ಹೆಸರು, ಮಡಕಿ, ಹುರಳಿ, ಕುಸುಬಿ, ಅಗಸಿ, ಗುರೆಳ್ಳು, ಪುಂಡಿ. ಮಲ್ಲಣ್ಣನಿಗೆ ಮಡಕಿಗೂ ಹೆಸರಿಗೂ ವ್ಯತ್ಯಾಸವೇ ಹತ್ತುತ್ತಿರಲಿಲ್ಲ. ಕುಸುಬಿ ಎಣ್ಣೆ ತಿಂದೇ ಬೆಳೆದವನು, ಕುಸುಬಿಯ ಕಾಳು ಯಾವುದು ಅಂದರೆ ಸೂರು ನೋಡುತ್ತಿದ್ದ. ಕೊನೆಗೆ ಸಣ್ಣ ಸಣ್ಣ ಚೀಲ ಹೊಲಿದು, ಒಂದೊಂದರಲ್ಲಿ ಒಂದೊಂದು ಬೀಜ ಹಾಕಿ, ಚೀಟಿ ಬರೆದು ಕಟ್ಟಿಕೊಟ್ಟೆ. ದಾರಿಯಲ್ಲಿ ನೋಡಿಕೊಂಡು ಹೋಗಲಿ ಅಂತ.

ಒಂದು ದಿನ ಅನ್ನಿಸಿತ್ತು. ಮಡಕಿಯ ಚೀಟಿ ಹೆಸರುಕಾಳಿಗೆ, ಅಗಸಿಯ ಚೀಟಿ ಗುರೆಳ್ಳಿಗೆ ಕಟ್ಟಿಬಿಡಲೇ? ಕೈ ಚೀಟಿಯ ತನಕ ಹೋಗಿತ್ತು. ಆದರೆ ಬೀಜದ ಹೆಸರು ಸುಳ್ಳು ಬರೆಯಲು ನನಗೆ ಆಗಲಿಲ್ಲ. ಬೀಜ ಏನು ತಪ್ಪು ಮಾಡಿತ್ತು? ಅವ್ವನಿಗೆ ಹೇಳಿದಾಗ, "ನೀ ನಿಮ್ಮಪ್ಪನ ಮಗಳೇ ಬಿಡು" ಅಂದಳು. ಹೊಗಳಿದಳೋ ಬೈದಳೋ ನನಗೆ ತಿಳಿಯಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಗೌಡನ ಮನೆಯ ಮುಂದೆ ಜೀಪು ನಿಂತಿತ್ತು. ಮಲ್ಲಣ್ಣ ಹೊಸ ಅಂಗಿ ಹಾಕಿಕೊಂಡಿದ್ದ. ನನ್ನ ಬೀಜದ ಚೀಲಗಳು ಅವನ ಹೆಗಲಲ್ಲಿದ್ದವು. ನಾವು ಮೂವರೂ ಓಡಿ ಹೋದೆವು.

"ಗೌಡ್ರ, ಕಾಗದ," ಅಂದ ಅಪ್ಪ ಏದುಸಿರು ಬಿಡುತ್ತ.

"ಯಾವ ಕಾಗದ?"

"ಪಾಲಿಂದ್ರಿ. ಬರದು ಕೊಡ್ತೀನಿ ಅಂದಿದ್ರಿ."

"ನೋಡಮು ಅಂದಿದ್ದೆ. ಈಗ ನೋಡೇನಿ. ಬರದು ಕೊಟ್ರ ನಾಳಿಗಿ ಅದನ್ನೇ ಹೊತ್ಕೊಂಡು ಕೋರ್ಟಿಗಿ ಹೋಗ್ತೀರಿ ನೀವು. ನಿಮ್ಮಂಥ ಹಲಕಟ್ ಮಂದಿನ್ನ ಬಲ್ಲೆ ನಾ. ಭಂಡಾರ ಮುಟ್ಟೀದಿ, ನೆಪ್ಪದ ಇಲ್ಲ? ಈ ಹೊಲ ನಾ ಬಿತ್ತಿಲ್ಲ ಅಂತ ಎಲ್ಲವ್ವನ ಮುಂದ ಅಂದೀದಿ. ಈಗ ಬಿತ್ತೇನಿ ಅಂತೀದಿ. ನಿಂದು ಬಾಯೋ, ಬಚ್ಚಲೋ?"

ಅವ್ವ ಮುಂದೆ ಬಂದಳು. "ಭಂಡಾರ ಮುಟ್ಟಿಸ್ದಾಗ ನೀವೇನಂದಿದ್ರಿ ಗೌಡ್ರ? ನಿನ ಮಕ್ಕಳು ನನ ಮಕ್ಕಳು ಒಂದೇ ಅಂದಿದ್ರಿ. ನಿಮ್ಮ ಮಗ ಜೀಪಿನಾಗ ಕುಂತಾನ. ನನ ಮಗಳೆಲ್ಲಿ ಕೂಡ್ಬೇಕು?"

"ಸರಿಬೇ ರಂಡಿ, ಹಾದಿ ಬಿಡು!"

ಜೀಪು ಹೋಯಿತು. ನನ್ನ ಕೈಬರಹದ ಚೀಟಿಗಳು ಅದರೊಳಗೆ ಹೋದವು. ಅರ್ಜಿಯ ಚೀಲ ಹಿಡಿದು ನಾನು ದಾರಿಯಲ್ಲೇ ಕುಸಿದು ಕುಂತೆ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಸತ್ತುಹೋಗಬೇಕು ಅನ್ನಿಸಿತು, ಹೊಳೆ ಹತ್ತಿರವೇ ಇತ್ತು. ಅವ್ವ ನನ್ನ ರೆಟ್ಟೆ ಹಿಡಿದು ಎಬ್ಬಿಸಿ, ಮನೆಯ ತನಕ ಬಿಡಲಿಲ್ಲ.

*

ನಾಲ್ಕು ದಿನದ ಮೇಲೆ ಮಳೆ ಬಂತು, ಮಲ್ಲಣ್ಣನೂ ಬಂದ. ಸೀಟು ಸಿಕ್ಕಿತ್ತು. ಗೌಡನ ಮನೆಯಿಂದ ಊರಿಗೆಲ್ಲ ಪೇಢೆ ಹಂಚಿದರು. ನಮ್ಮ ಪಾಲಿನ ಪೇಢೆಯನ್ನು ಮಲ್ಲಣ್ಣನೇ ಹೊಲಕ್ಕೆ ತಂದ. ಅವತ್ತು ಹರಿಗೋಲ ಹೊಲದ ತೊಗರಿ ಬಿತ್ತನೆ. ಅಪ್ಪ ಕೂರಿಗೆ ಕಟ್ಟುತ್ತಿದ್ದ. ಗೌಡ ಕೂರಿಗೆಗೆ ಕಾಯಿ ಒಡೆದು, ಕುಂಕುಮ ಹಚ್ಚಿ, ಬದುವಿನ ಮೇಲೆ ಕುಂತಿದ್ದ.

"ಮಡಕಿ ಕೇಳಿದ್ರು ಮರೆಮ್ಮ!" ಅಂದ ಮಲ್ಲಣ್ಣ. ಅವನ ಖುಷಿ ಸುಳ್ಳಲ್ಲ. "ಬರೋಬ್ಬರಿ ಹೇಳ್ದೆ. ಕೂರಿಗಿ ಸ್ವಲ್ಪ ಸೊಟ್ಟ ಆತು. ಆದ್ರ ಒಬ್ಬ ಸಾಹೇಬ ಬಂದು ನನ್ನ ಅಂಗೈ ಹಿಡ್ದು ನೋಡ್ದ. ಗುಳ್ಳಿ ಒಡದಿದ್ವಲ್ಲ, ನೋಡಿ ಅಂದ, ಹೌದು, ಇವ ಖರೇ ಒಕ್ಕಲಿಗನ ಮಗ, ಬರೀ ಪಹಣಿ ಹಿಡ್ಕೊಂಡು ಬಂದಾಂವಲ್ಲ ಅಂತ. ಅದಕ್ಕೇ ಐದು ಅಂಕ ಜಾಸ್ತಿ ಹಾಕಿದ್ರು."

ತೊಗಲಿನ ಮಿಣಿ ಬಿಗಿಯುತ್ತಿದ್ದ ಅಪ್ಪನ ಕೈ ನಿಂತಿತು. ತಾಲೂಕಿನ ಮೇಜಿನ ಮೇಲೆ ಪೆನ್ನಿನಿಂದ ಸರಿಸಿದ ಕೈ ಅದು. ಅವ್ವ ಪೇಢೆಯನ್ನು ಎತ್ತಿಗೆ ತಿನ್ನಿಸಿದಳು.

ಗೌಡ ಕೂರಿಗೆ ಹೊಲಕ್ಕೆ ಇಳಿಯುವುದನ್ನು ನೋಡಿ, ಊಟದ ಮಂದಿ ಕಾಯುತ್ತಿದ್ದಾರೆ ಅಂತ ಮಗನನ್ನು ಕರೆದುಕೊಂಡು ಹೋದ. ಹೊಲದಲ್ಲಿ ನಾವು ಮೂವರೇ ಉಳಿದೆವು. ಅಪ್ಪ ಕೂರಿಗೆ ಹೊಡೆಯುತ್ತಿದ್ದ, ಅವ್ವ ಹಿಂದೆ ಬಿತ್ತುತ್ತಿದ್ದಳು. ನನ್ನ ಕೆಲಸ ಹೊಳೆಯ ಬದಿಯ ಬದುವಿನಲ್ಲಿ ಬೀಜದ ಚೀಲ ಕಾಯುವುದು, ಉಡಿ ಖಾಲಿಯಾದಾಗ ತುಂಬುವುದು.

ಕೂರಿಗೆಯ ಬಟ್ಟಲಿಗೆ ಕಾಳು ಬಿದ್ದರೆ ಅದು ಬಿದಿರಿನ ಕೊಳವೆಯೊಳಗೆ ಸರಸರ ಇಳಿಯುವ ಸದ್ದು ಬರುತ್ತದೆ. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಅವತ್ತು ಮೊದಲ ಸಾಲಿನಲ್ಲೇ ಆ ಸದ್ದು ಇರಲಿಲ್ಲ. ಕೊಳವೆ ಕಟ್ಟಿರಬೇಕು ಅಂದುಕೊಂಡೆ. ಅಪ್ಪನೂ ಹಾಗೇ ಅಂದುಕೊಂಡು ಎತ್ತು ನಿಲ್ಲಿಸಿ ಹಿಂದೆ ತಿರುಗಿದ. ಬಟ್ಟಲು ನೋಡಿದ. ಅವ್ವನ ಕೈ ನೋಡಿದ. ಬಟ್ಟಲ ಮೇಲೆ ಅವಳ ಮುಷ್ಟಿ ಬಿಚ್ಚುತ್ತಿತ್ತು, ಮುಚ್ಚುತ್ತಿತ್ತು. ಒಳಗೆ ಒಂದು ಕಾಳೂ ಇರಲಿಲ್ಲ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಅಪ್ಪ ಮುಂದೆ ತಿರುಗಿ, "ಹೈ, ಹೈ" ಅಂತ ಎತ್ತು ಹೊಡೆದ.

ಅವ್ವ ಸಾಲು ಮುಗಿಸಿ ನನ್ನ ಹತ್ತಿರ ಬಂದಳು. ನನ್ನನ್ನು ದಾಟಿ ಹೊಳೆಯ ದಂಡೆಗೆ ಇಳಿದು, ಉಡಿ ಬಿಚ್ಚಿ, ತುಂಬು ಉಡಿಯ ತೊಗರಿಯನ್ನು ಕೆಂಪು ನೀರಿಗೆ ಸುರಿದಳು. 

"ಯವ್ವಾ!" ಅಂದೆ. "ಏನ್ ಮಾಡಾಕತ್ತೀದಿ? ನಮ್ಮ ಅರ್ಧ ಪಾಲೂ ಇದ್ರಾಗೇ ಅದ. ವರ್ಷಪೂರ್ತಿ ಏನ್ ತಿನ್ನಮು?"

"ತುಂಬು," ಅಂದಳು, ಖಾಲಿ ಉಡಿ ಹಿಡಿದು.

"ಯವ್ವಾ, ಬ್ಯಾಡ—"

"ಬಾಯಿ ಮುಚ್ಚು. ತುಂಬು."

ತುಂಬಿದೆ. ಸಂಜೆಯೊಳಗೆ ಒಂಬತ್ತು ಸಲ ತುಂಬಿದೆ. ಒಂಬತ್ತು ಸಲವೂ ಅದು ಹೊಳೆಗೆ ಹೋಯಿತು. ಎಂಟು ಎಕರೆಯಲ್ಲಿ ಅಪ್ಪ ದಾರ ಹಿಡಿದಂತೆ ಸಾಲು ಎಳೆದಿದ್ದ. ಒಂದೂ ಸೊಟ್ಟ ಇರಲಿಲ್ಲ. ಅಷ್ಟು ಚೆಂದದ ಸಾಲು ಅವನು ಯಾವ ವರ್ಷವೂ ಎಳೆದಿರಲಿಲ್ಲ.

*

ಹತ್ತು ದಿನಕ್ಕೆ ಸುತ್ತಲಿನ ಹೊಲಗಳೆಲ್ಲ ಹಸಿರಾದವು. ಹರಿಗೋಲ ಹೊಲ ಮಾತ್ರ ಕರ್ರಗೆ ಮಲಗಿತ್ತು. ಹನ್ನೊಂದನೆಯ ದಿನ ಗೌಡ ಬಂದ. ಹಿಂದೆ ತಲಾಟಿ ಅಣ್ಣಾರಾಯ, ಆ ಕಡೆ ಈ ಕಡೆ ಹೊಲದ ಹತ್ತೆಂಟು ಮಂದಿ. ಮಲ್ಲಣ್ಣನೂ ಬಂದಿದ್ದ. ಮರುದಿನ ಕಾಲೇಜಿಗೆ ಹೊರಡುವವನಿದ್ದ. ನಾವು ಮೂವರೂ ಬದುವಿನ ಮೇಲೆ ಕುಂತಿದ್ದೆವು. ಓಡಿ ಹೋಗಲು ನಮಗೆ ಬೇರೆ ಊರಿರಲಿಲ್ಲ.

ಗೌಡ ಬಾರುಕೋಲಿನ ತುದಿಯಿಂದ ಸಾಲು ಕೆದರಿದ. ಇನ್ನೊಂದು ಕೆದರಿದ. ಮಲ್ಲಣ್ಣ ಮೊಣಕಾಲೂರಿ ಕೈಯಿಂದ ಮಣ್ಣು ಬಗೆದ. "ಕಾಳೇ ಇಲ್ಲಪ್ಪ," ಅಂದ. "ಕೊಳತೂ ಇಲ್ಲ, ಹುಳಾನೂ ತಿಂದಿಲ್ಲ. ಬಿದ್ದೇ ಇಲ್ಲ." ಪರೀಕ್ಷೆ ಪಾಸಾದವನು, ಸರಿಯಾಗೇ ಹೇಳಿದ.

"ಲೇ ಚಂದ್ಯಾ! ಸೂಳಿಮಗನ! ಎಲ್ಲಿ ಹ್ವಾದ್ವೋ ಬೀಜ? ಮಾರ್ಕೊಂಡು ತಿಂದ್ರೇನು?"

ಅವ್ವ ಎದ್ದು ನಿಂತಳು. "ತಲಾಟಿ ಸಾಹೇಬ್ರ, ದಫ್ತರ ಹೆಗಲಿಗೇ ಅದಲ್ಲ, ಬಿಚ್ರಿ. ಈ ಹೊಲ ಯಾರು ಬಿತ್ತ್ಯಾರಂತ ಬರದದ? ಎಲ್ಲರಿಗೂ ಕೇಳೂ ಹಂಗ ಓದ್ರಿ."

ಅಣ್ಣಾರಾಯ ಗೌಡನ ಮುಖ ನೋಡಿದ.

"ಓದಂಗಿಲ್ಲೇನ್ರಿ? ನನಗ ಓದಾಕ ಬರಂಗಿಲ್ಲ, ಆದ್ರ ನನ ಮಗಳು ಓದಿ ಹೇಳ್ಯಾಳ. ಖುದ್ದು ಅಂತ ಬರದದ. ಚಂದಪ್ಪ ಬಿತ್ತಿಲ್ಲ, ನಿಂಬೆವ್ವ ಬಿತ್ತಿಲ್ಲ. ಇಪ್ಪತ್ತೆರಡು ವರ್ಷ ಸುಳ್ಳು ಬರದ್ರಿ. ಈ ವರ್ಷ ನೀವು ಬರದಂಗೇ ಮಾಡೇವಿ. ಖುದ್ದು ಬಿತ್ಕೋರಿ ಗೌಡ್ರ! ನಿಮ್ಮ ಮಗ ಕಲ್ತಾನಲ್ಲ, ಕೂರಿಗಿ ಹೊಡಿಯಾಕ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಗೌಡನ ಮುಖ ಕಪ್ಪಿಟ್ಟಿತು. ಹೆಂಗಸಿನ ಜೊತೆ ಮಾತಾಡುವುದು ಬಿಟ್ಟು ಅಪ್ಪನ ಕಡೆ ತಿರುಗಿದ. ಮಂದಿಯ ಮುಂದೆ ಅಪ್ಪನನ್ನು ಬಗ್ಗಿಸುವ ಒಂದೇ ದಾರಿ ಅವನಿಗೆ ಗೊತ್ತಿತ್ತು, ಅದೇ ಹಳೆಯ ದಾರಿ. ಅಂಗಿಯ ಕಿಸೆಯಿಂದ ಎಲ್ಲವ್ವನ ಭಂಡಾರದ ಪೊಟ್ಟಣ ತೆಗೆದ. ಗುಡಿಗೆ ಹೋಗಿಯೇ ಬಂದಿದ್ದ ಅಂತ ಕಾಣುತ್ತದೆ.

"ನಿನ ಹೇಂತಿ ಬೊಗಳ್ಲಿ. ನೀ ಹೇಳು. ಭಂಡಾರ ಹಿಡ್ಕೊಂಡು ಹೇಳ್ಲೇ, ಈ ಹೊಲ ಬಿತ್ತೀದ್ಯೋ ಇಲ್ಲೋ. ಬೀಜ ಹಾಕೀದ್ಯೋ ಇಲ್ಲೋ. ಸುಳ್ಳಾಡ್ದಿ, ಇಲ್ಲೇ ರಕ್ತ ಕಾರಿ ಸಾಯ್ತಿ."

ಅಪ್ಪ ಎದ್ದ. ಬಲಗೈ ಚಾಚಿದ. ನೆಟ್ಟಗಾಗದ ಬೆರಳುಗಳ ಆ ಅಂಗೈಯಲ್ಲಿ ಗೌಡ ಹಳದಿ ಭಂಡಾರ ಸುರಿದ. ಭಂಡಾರಕ್ಕೆ ಅಪ್ಪ ಎಷ್ಟು ಹೆದರುತ್ತಾನೆ ಅಂತ ನಮಗಷ್ಟೇ ಗೊತ್ತು.

ಅಪ್ಪ ಮೊದಲು ಹೊಲ ನೋಡಿದ. ಆಮೇಲೆ ಗೌಡನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅವನು ಹಾಗೆ ನೋಡಿದ್ದನ್ನು ನಾನು ಮೊದಲ ಸಲ ಕಂಡೆ.

"ಎಲ್ಲವ್ವನ ಆಣಿ," ಅಂದ, ಗಟ್ಟಿಯಾಗಿ. "ಹರಿಗೋಲ ಹೊಲ ನಾ ಬಿತ್ತಿಲ್ಲ. ಅದು ಗೌಡ್ರು ಬಿತ್ತಿದ ಹೊಲ."

ಏಳು ವರ್ಷದ ಹಿಂದಿನದೇ ಮಾತು. ಅವತ್ತು ಗುಡಿಯಲ್ಲಿದ್ದ ಮುದುಕರು ಇಬ್ಬರು ಅಲ್ಲೂ ಇದ್ದರು. ಅವರು ಸುಮ್ಮನೆ ತಲೆಯ ಮೇಲಿನ ರುಮಾಲು ತೆಗೆದರು.

ಅಪ್ಪ ಭಂಡಾರವನ್ನು ಹಣೆಗೆ ಹಚ್ಚಿಕೊಂಡ. ಅವ್ವನ ಹಣೆಗೆ ಹಚ್ಚಿದ. ನನ್ನ ಹಣೆಗೂ ಹಚ್ಚಿದ.

ಗೌಡ ಬಾರುಕೋಲು ಎತ್ತಿದ. ನಾವು ಮೂವರೂ ಅಲ್ಲೇ ನಿಂತಿದ್ದೆವು.